ಕಣ್ಣು ಬೇರೆ ಡಬ್ಬಿಯಲ್ಲಿ

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಹುಟ್ಟಿದಾಗಿನಿಂದ ಇದುವರೆಗೆ ಒಂದೇ ಒಂದು ಮೊಟ್ಟೆ ಒಡೆದವಳಲ್ಲ. ಒಡೆಯುವುದಿರಲಿ, ಕೈಯಲ್ಲಿ ಹಿಡಿದರೆ ಅದು ಬೆಚ್ಚಗಿರುತ್ತದೋ ತಣ್ಣಗಿರುತ್ತದೋ ಎಂಬುದೂ ನನಗೆ ಗೊತ್ತಿಲ್ಲ. ಆದರೂ ಬೆಳಗಾವಿಯ ಶಹಾಪುರದಲ್ಲಿ ನಮ್ಮ ಓಣಿಗೆ ಬಂದು ಪದ್ಮಾ ಅವರ ಮನೆ ಯಾವುದು ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ‘ಕೇಕ್ ವೈನಿ’, ಅಂದರೆ ಕೇಕಿನ ಅತ್ತಿಗೆ, ಎಂದು ಕೇಳಿದರೆ ಕೈ ಹಿಡಿದು ತಂದು ಬಾಗಿಲಿಗೆ ಬಿಡುತ್ತಾರೆ. ಜೈನರ ಮನೆಯ ಸೊಸೆ, ಮೊಟ್ಟೆ ಕಾಣದವಳು, ಕುಂದಾ ಮಾರುವ ಊರಿನಲ್ಲಿ ಕೇಕು ಮಾರಿ ಹೆಸರು ಮಾಡಿದ್ದೇನೆ. ಇದರಲ್ಲಿ ನನ್ನ ಜಾಣತನಕ್ಕಿಂತ ಊರಿನ ಉದಾರತನವೇ ಹೆಚ್ಚು.

ಶುರುವಾದದ್ದು ನಾಲ್ಕು ವರ್ಷದ ಹಿಂದೆ. ಮಗಳು ಓದಲಿಕ್ಕೆಂದು ಧಾರವಾಡದ ಹಾಸ್ಟೆಲಿಗೆ ಹೋದಳು. ನಮ್ಮ ಮನೆಯವರು ಬೆಳಗ್ಗೆ ಬಟ್ಟೆ ಅಂಗಡಿಗೆ ಹೋದರೆ ಸಂಜೆಯೇ ಬರುವುದು. ಅತ್ತೆ ಮಧ್ಯಾಹ್ನ ಜಪಕ್ಕೆ ಕೂರುತ್ತಾರೆ. ಆ ಮಧ್ಯಾಹ್ನ ಎಷ್ಟು ದೊಡ್ಡದೆಂಬುದು ನನಗೆ ಆಗಲೇ ತಿಳಿದದ್ದು. ಓಣಿಯ ಉಳಿದ ಹೆಂಗಸರು ಹೊಲಿಗೆ, ಹಪ್ಪಳ, ಬ್ಯೂಟಿ ಪಾರ್ಲರ್ ಎಂದು ಒಂದೊಂದನ್ನು ಮೊದಲೇ ಹಂಚಿಕೊಂಡಿದ್ದರು. ನನಗೆ ಉಳಿದದ್ದು ಕೇಕು. ಫೋನಿನಲ್ಲಿ ವಿಡಿಯೋ ನೋಡಿ ಕಲಿತೆ. ಮೊದಲ ಕೇಕನ್ನು ನಮ್ಮ ಮನೆಯವರು ಎರಡೂ ಕೈಯಲ್ಲಿ ಎತ್ತಿ ನೋಡಿ, “ಅಂಗಡಿ ಶಟರ್ ಗಾಳಿಗೆ ಬಡಕೋತೈತಿ, ಕೆಳಗ ಇಡಾಕ ಒಯ್ಯಲೇನು?” ಎಂದು ಕೇಳಿದರು. ಮೂವತ್ತನೆಯದೋ ನಲವತ್ತನೆಯದೋ ಕೇಕಿನ ಹೊತ್ತಿಗೆ ಅವರು ಏನೂ ಕೇಳದೆ ತಿನ್ನತೊಡಗಿದರು. ನಾನು ಗೆದ್ದೆ ಎಂದು ತಿಳಿದುಕೊಂಡೆ.

ಮನೆಯಲ್ಲಿ ಕೇಕು ಮಾಡಿ ಮಾರುವವಳಿಗೆ ಎರಡು ಬಗೆಯ ಗಿರಾಕಿಗಳು ಸಿಗುತ್ತಾರೆ. ಒಬ್ಬರು ಫೋನಿನಲ್ಲಿ ದನಿ ತಗ್ಗಿಸಿ, “ಖರೇನ ತತ್ತಿ ಹಾಕೂದಿಲ್ಲೇನ್ರಿ?” ಎಂದು ಕೇಳುವವರು. ಇನ್ನೊಬ್ಬರು ದನಿ ಏರಿಸಿ, “ತತ್ತಿ ಹಾಕದ ಅದು ಉಬ್ಬತೈತೇನ್ರಿ?” ಎಂದು ಕೇಳುವವರು. ಇಬ್ಬರಿಗೂ ನನ್ನದು ಒಂದೇ ಉತ್ತರ: ಹೌದ್ರಿ. ಮೊಸರು, ಸೋಡಾ, ಹಾಲು ಸೇರಿದರೆ ಹಿಟ್ಟು ಉಬ್ಬುತ್ತದೆ. ಸ್ವಲ್ಪ ಹೊಗಳಿದರೆ ನಾನೂ ಉಬ್ಬುತ್ತೇನೆ. ಖಾನಾಪುರ ಕಡೆಯ ಗಿರಾಕಿಗಳು ಅರ್ಧ ಮಾತು ಮರಾಠಿಯಲ್ಲಿ, ಅರ್ಧ ಕನ್ನಡದಲ್ಲಿ ಹೇಳಿ, ಕೊನೆಗೆ ಎರಡರಲ್ಲೂ ‘ಸ್ವಲ್ಪ ಸಕ್ಕರೆ ಕಡಿಮೆ’ ಎನ್ನುತ್ತಾರೆ. ಕೇಕಿನಲ್ಲಿ ಸಕ್ಕರೆ ಕಡಿಮೆ ಬೇಕು, ಚಹಾದಲ್ಲಿ ಮಾತ್ರ ಚಮಚ ನಿಲ್ಲಬೇಕು. ನಮ್ಮ ಕಡೆಯ ಆರೋಗ್ಯ ಹೀಗೆಯೇ ನಡೆಯುತ್ತದೆ.

ಇಷ್ಟೆಲ್ಲ ಹೇಳಿ ಅತ್ತೆಯ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಎಂಬತ್ತರ ಹತ್ತಿರದ ಜೀವ. ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಅದರ ಅಗತ್ಯವೇ ಅವರಿಗೆ ಬಿದ್ದಿಲ್ಲ. ಸೂರ್ಯ ಮುಳುಗಿದ ಮೇಲೆ ಅವರ ಬಾಯಿಗೆ ತುತ್ತು ಹೋಗುವುದಿಲ್ಲ. ನೀರು ಬಟ್ಟೆಯಲ್ಲಿ ಸೋಸಬೇಕು. ಚತುರ್ದಶಿಯ ದಿನ ಹಸಿರು ತರಕಾರಿ ಮನೆಯೊಳಗೆ ಬರಬಾರದು. ಇವೆಲ್ಲ ನನಗೆ ತವರಿನಿಂದಲೇ ರೂಢಿ. ಕೇಕು ಶುರುವಾದ ಮೇಲೆ ತೊಡಕಾದದ್ದು ಹಿಟ್ಟಿನ ಲೆಕ್ಕ. ಬೀಸಿದ ಹಿಟ್ಟು ಚಳಿಗಾಲದಲ್ಲಿ ಏಳು ದಿನ, ಬೇಸಿಗೆಯಲ್ಲಿ ಐದು, ಮಳೆಗಾಲದಲ್ಲಿ ಮೂರು. ಅದರಾಚೆ ಆ ಹಿಟ್ಟಿನಲ್ಲಿ ಕಣ್ಣಿಗೆ ಕಾಣದ ಜೀವ ಹುಟ್ಟುತ್ತವೆ, ತಿನ್ನಬಾರದು. ನಾನು ಮೈದಾ ಪಾಕೀಟು ತಂದ ಮೊದಲ ದಿನ ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಇದನ್ನ ಎಂದ ಬೀಸ್ಯಾರ?” ಎಂದು ಕೇಳಿದರು. ಪ್ಯಾಕ್ ಮಾಡಿದ ದಿನ ಇತ್ತು, ಬೀಸಿದ ದಿನ ಇರಲಿಲ್ಲ. ಅಲ್ಲಿಗೆ ತೀರ್ಮಾನವಾಯಿತು. ನಾಲ್ಕು ವರ್ಷ ನನ್ನ ಕೇಕು ಬೆಳಗಾವಿಯಲ್ಲಿ ಎಷ್ಟೋ ಮನೆ ಸೇರಿತು, ನಮ್ಮ ಅತ್ತೆಯ ನಾಲಿಗೆ ಸೇರಲಿಲ್ಲ.

ಹಾಗೆಂದು ಅವರು ಅಡ್ಡಿ ಮಾಡಲಿಲ್ಲ. ಅಡಿಗೆಮನೆಯ ಕಿಟಕಿಯ ಬದಿಗೆ ನನ್ನ ಓವನ್ನಿಗೆ ಜಾಗ ಬಿಟ್ಟುಕೊಟ್ಟರು. ಅದನ್ನು ಅವರು ‘ಭಟ್ಟಿ’ ಎನ್ನುತ್ತಾರೆ. ಪಾತ್ರೆ ಬೇರೆ, ಕಟ್ಟೆ ಬೇರೆ, ಒರೆಸುವ ಬಟ್ಟೆ ಬೇರೆ. ಒಂದೇ ಒಂದು ಆಕ್ಷೇಪ ಮೇಣದಬತ್ತಿಯದ್ದು. ಹುಟ್ಟಿದ ದಿನ ದೀಪ ಹಚ್ಚುವುದನ್ನು ಬಿಟ್ಟು ಹಚ್ಚಿದ ದೀಪವನ್ನು ಬಾಯಿಂದ ಊದಿ ಆರಿಸುವ ಜನರ ಬುದ್ಧಿ ಅವರಿಗೆ ಇವತ್ತಿಗೂ ಅರ್ಥವಾಗಿಲ್ಲ. ನಿಜ ಹೇಳಬೇಕೆಂದರೆ ಅವರು ಕೇಳಿದ ಮೇಲೆ ನನಗೂ ಅರ್ಥವಾಗುತ್ತಿಲ್ಲ. ಆದರೂ ಪ್ರತಿ ಕೇಕಿನ ಜೊತೆ ಒಂದು ಮೇಣದಬತ್ತಿಯ ಪೊಟ್ಟಣ ಪುಕ್ಕಟೆ ಕೊಡುತ್ತೇನೆ. ವ್ಯಾಪಾರ ಅಂದಮೇಲೆ ಎಲ್ಲವನ್ನೂ ಅರ್ಥ ಮಾಡಿಕೊಳ್ಳಬೇಕೆಂದೇನಿಲ್ಲ.

ಆ ಭಟ್ಟಿ ನನಗೆ ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ಮದುವೆಯಾಗಿ ಇಪ್ಪತ್ತು ವರ್ಷ ದಾಟಿತ್ತು. ಮನೆಯ ಫೋನು ಬಡಿದುಕೊಂಡರೆ ಆ ಕಡೆಯವರು, “ಯಾರದಾರ ಮನ್ಯಾಗ?” ಎಂದು ಕೇಳುತ್ತಿದ್ದರು. ನಾನು ಎತ್ತಿಕೊಂಡರೆ, “ಯಾರೂ ಇಲ್ಲೇನು?” ಎಂದು ಮತ್ತೆ ಕೇಳುತ್ತಿದ್ದರು. ಭಟ್ಟಿ ಬಂದ ಮೇಲೆ ಮೊದಲ ಸಲ ಜನ ನನ್ನನ್ನೇ ಕೇಳಿಕೊಂಡು ಫೋನು ಮಾಡಿದರು. ನಾನು ಬ್ಯುಸಿ ಇದ್ದೇನೆ, ಆಮೇಲೆ ಮಾಡಿ ಎಂದು ಹೇಳುವ ಸುಖ ನನಗೆ ಸಿಕ್ಕಿತು. ಆ ಸುಖ ಕೇಕಿಗಿಂತ ಸಿಹಿ. ಅದು ಹೋದರೆ ನಾನು ಮತ್ತೆ ಮಧ್ಯಾಹ್ನದೊಳಗೆ ಕರಗಿ ಹೋಗುತ್ತೇನೆ ಎಂಬ ಭಯ ನನಗೆ ಯಾವಾಗಲೂ ಇತ್ತು. ಕಳೆದ ಚಳಿಗಾಲದಲ್ಲಿ ಅದು ಹೋಗುವ ಹಂತಕ್ಕೇ ಬಂತು. ಅದೂ ಒಂದು ಕುರಿಮರಿಯ ದೆಸೆಯಿಂದ.

ಖಾನಾಪುರದ ಸಾಲೆಯಲ್ಲಿ ಕಲಿಸುವ ರೇಣುಕಾ ಎಂಬ ಶಿಕ್ಷಕಿ ಫೋನು ಮಾಡಿದಳು. ಮನೆ ಅಲ್ಲೇ ಆಚೆಯ ಬೀಡಿ ಎಂಬ ಊರಲ್ಲಿ. ಗಂಡ ನೌಕರಿ ಮಾಡುತ್ತಾನೆ, ಮಾವ ಯಲ್ಲಪ್ಪಜ್ಜ ಈಗಲೂ ಕುರಿ ಹಿಂಡು ಬಿಟ್ಟಿಲ್ಲ. ಮಗಳಿಗೆ ಮೂರು ತುಂಬುತ್ತದೆ. ಆ ಮಗುವಿಗೆ ಅಜ್ಜನ ಹಿಂಡಿನ ಒಂದು ಮರಿಯ ಮೇಲೆ ಪ್ರಾಣ. ಅದಕ್ಕೆ ಚುಕ್ಕಿ ಎಂದು ಹೆಸರಿಟ್ಟಿದೆ. “ವೈನಿ, ಕೇಕ್ ಚುಕ್ಕಿ ಹಂಗ ಇರಬೇಕ್ರಿ. ನನ್ನ ಮಗಳಿಗೆ ಆಗಲೇ ಹೇಳಿಬಿಟ್ಟೇನಿ, ಕೇಕಿನ ಚುಕ್ಕಿ ಬರತೈತಿ ಅಂತ,” ಎಂದಳು. ನಾನು ಹೂಂ ಎಂದೆ. ಹೂಂ ಎನ್ನುವಾಗ ನನ್ನ ತಲೆಯಲ್ಲಿ ಇದ್ದದ್ದು ಫೋನಿನಲ್ಲಿ ಕಾಣುವ ಕುರಿ: ಹತ್ತಿಯ ಉಂಡೆಯಂತೆ ಬೆಳ್ಳಗೆ, ಗುಂಗುರು ಗುಂಗುರು. ಕ್ರೀಮಿನಲ್ಲಿ ಅರ್ಧ ತಾಸಿನ ಕೆಲಸ.

ಮರುದಿನ ಚುಕ್ಕಿಯ ಫೋಟೋ ಬಂತು. ನಮ್ಮ ಕಡೆಯ ಕುರಿ ಬೆಳ್ಳಗಿರುವುದಿಲ್ಲ ಎಂಬುದನ್ನು, ಹುಟ್ಟಿದಾಗಿನಿಂದ ರಸ್ತೆ ಮೇಲೆ ಹಿಂಡು ದಾಟುವುದನ್ನು ಕಾಯ್ದ ನಾನು ಮರೆತೇ ಬಿಟ್ಟಿದ್ದೆ. ಕಪ್ಪು ಮರಿ. ಜೋತುಬಿದ್ದ ಕಿವಿ. ಹಣೆಯ ಮೇಲೆ ಒಂದು ಬಿಳಿ ಬೊಟ್ಟು. ಕಪ್ಪು ಬಣ್ಣ ಸುರಿದರೆ ತಿಂದವರ ನಾಲಿಗೆ ಎರಡು ದಿನ ಡಾಂಬರಿನಂತೆ ಇರುತ್ತದೆ. ಆದ್ದರಿಂದ ಕಡು ಚಾಕೊಲೇಟಿನಲ್ಲೇ ಮೈ ಮಾಡಿ, ಸುತ್ತ ಹಸಿರು ಕ್ರೀಮಿನ ಹುಲ್ಲುಗಾವಲು ಮಾಡುವುದೆಂದು ನಿರ್ಧರಿಸಿದೆ. ಮೊದಲು ತಲೆಯನ್ನು ಪ್ರಯೋಗಕ್ಕೆಂದು ಮಾಡಿದೆ. ಚಂದ ಬಂತು. ಸ್ವಲ್ಪ ಜಾಸ್ತಿಯೇ ಚಂದ ಬಂತು. ತಟ್ಟೆಯಲ್ಲಿ ಆ ತಲೆ ಇಟ್ಟು ಕೈ ತೊಳೆಯಲು ಹೋದೆ. ತಿರುಗಿ ಬರುವಷ್ಟರಲ್ಲಿ ಅತ್ತೆ ಜಪದ ಮಣಿ ಹಿಡಿದುಕೊಂಡೇ ಅದರೆದುರು ನಿಂತಿದ್ದರು.

“ಇದೇನು?”

“ಕೇಕ್ ರಿ ಅತ್ತಿ. ಬೀಡಿಯಿಂದ ಆರ್ಡರ್ ಬಂದೈತಿ.”

“ಇದನ್ನ ಏನ ಮಾಡ್ತಾರ?”

ನಾನು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಹುಟ್ಟುಹಬ್ಬದಲ್ಲಿ ಕೇಕನ್ನು ಏನು ಮಾಡುತ್ತಾರೆಂದು ಅವರಿಗೂ ಗೊತ್ತು.

“ಚಾಕು ಹಿಡದು ಕೊಯ್ತಾರ, ಹೌದಲ್ಲ?” ಎಂದರು ಅವರೇ.

ನಮ್ಮ ಮನೆಗಳಲ್ಲಿ ಬೆಳೆದವರಿಗೆ ಹಿಟ್ಟಿನ ಕೋಳಿಯ ಕಥೆ ಗೊತ್ತಿರುತ್ತದೆ. ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಒಬ್ಬ ರಾಜನಿಗೆ ಕೆಟ್ಟ ಕನಸು ಬಿತ್ತು. ದೇವಿಗೆ ಬಲಿ ಕೊಡು ಎಂದಳು ಅವನ ತಾಯಿ. ಅವನು ಜೀವ ಕೊಲ್ಲಲಾರೆ ಎಂದ. ಹಾಗಾದರೆ ಹಿಟ್ಟಿನ ಕೋಳಿ ಮಾಡಿ ಅದನ್ನೇ ಕೊಯ್ಯೋಣ ಎಂದು ತಾಯಿ ಮಧ್ಯದ ದಾರಿ ಹುಡುಕಿದಳು. ಕೊಯ್ದರು. ರಕ್ತ ಬರಲಿಲ್ಲ, ಆದರೆ ಪಾಪ ಬಂತು. ಕೊಯ್ಯುವಾಗ ಕೈಗೆ ಹಿಟ್ಟು ಸಿಕ್ಕರೂ ಮನಸ್ಸಿನಲ್ಲಿ ಇದ್ದದ್ದು ಕೋಳಿಯೇ ಅಲ್ಲವೆ? ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಆಡು ಎಂದು ಜನ್ಮದ ಮೇಲೆ ಜನ್ಮ ಅಲೆದರು. ಚಿಕ್ಕವಳಿದ್ದಾಗ ಈ ಕಥೆ ಕೇಳಿ ನಾನು ಮರುದಿನ ಚಪಾತಿ ಹಿಟ್ಟಿನಲ್ಲಿ ಗುಬ್ಬಿ ಮಾಡಿ ಆಡುವುದನ್ನು ಬಿಟ್ಟಿದ್ದೆ. ದೊಡ್ಡವಳಾಗಿ, ಓವನ್ನು ಕೊಂಡು, ಹಿಟ್ಟಿನ ಕುರಿ ಮಾಡಿ, ಚಾಕು ಸಮೇತ ಮನೆಬಾಗಿಲಿಗೆ ಮುಟ್ಟಿಸುವ ವ್ಯಾಪಾರಕ್ಕೆ ಇಳಿದಿದ್ದೆ. ಜೈನ ಹೆಂಗಸೊಬ್ಬಳು ಮಾತ್ರ ಮಾಡಬಲ್ಲ ತಪ್ಪು ಇದು. ಬೇರೆ ಯಾರ ಮನೆಯಲ್ಲೂ ಇದು ತಪ್ಪೇ ಅಲ್ಲ.

ಅತ್ತೆ ಕಥೆ ಹೇಳಲಿಲ್ಲ. ಇಷ್ಟೇ ಅಂದರು: “ಕೊಟ್ಟ ಮಾತು ಮುರಿ ಅಂತ ನಾ ಅನ್ನೂದಿಲ್ಲ. ಮಾಡಿ ಕೊಡು. ಆದ್ರ ಆ ಮಾರಿಗೆ ಚಾಕು ಬಿತ್ತು ಅಂದ್ರ ನಿನ್ನ ಭಟ್ಟಿ ಈ ಅಡಗೀಮನ್ಯಾಗ ಇರೂದಿಲ್ಲ.” ನಮ್ಮ ಕಡೆ ಮಾರಿ ಎಂದರೆ ಮುಖ. ಅಷ್ಟು ಹೇಳಿ ಮಣಿ ಎಣಿಸುತ್ತ ಒಳಗೆ ಹೋದರು. ನಮ್ಮ ಮನೆಯಲ್ಲಿ ಅಡಿಗೆಮನೆ ಬಿಟ್ಟರೆ ಓವನ್ನು ಹಿಡಿಸುವ ಜಾಗ ಬೇರೆ ಇಲ್ಲ. ಅಂದರೆ ಭಟ್ಟಿ ಮನೆಯಿಂದಲೇ ಹೋದಂತೆ.

ಸಂಜೆ ನಮ್ಮ ಮನೆಯವರು ಬಂದಾಗ ನಾನು ಅತ್ತು ಮುಖ ತೊಳೆದುಕೊಂಡಿದ್ದೆ. ಅವರು ಎರಡು ಗಂಟೆ ಯೋಚಿಸಿ ಬಟ್ಟೆ ವ್ಯಾಪಾರಿಯ ಬುದ್ಧಿಗೆ ಹೊಳೆಯುವಂಥ ಉಪಾಯ ತೆಗೆದರು. “ಕಣ್ಣು ಇಟ್ಟಿದ್ದಕ್ಕ ಅಲ್ಲೇನು ಅದು ಮರಿ ಆಗೂದು? ಕಣ್ಣಿಲ್ಲಂದ್ರ ಬರೇ ಚಾಕೊಲೇಟ್ ಗುಡ್ಡ. ಕಣ್ಣು ಬ್ಯಾರೆ ಡಬ್ಬ್ಯಾಗ ಹಾಕಿ ಕೊಡೂಣು. ಹಚ್ಚೂದು ಬಿಡೂದು ಅವರ ಕರ್ಮ.” ಕೇಳಿದ ಕ್ಷಣ ಎಷ್ಟು ನಿರಾಳವಾಯಿತೆಂದರೆ, ನನ್ನ ಪಾಪವನ್ನು ಚಿಕ್ಕ ಸ್ಟೀಲ್ ಡಬ್ಬಿಯಲ್ಲಿ ತುಂಬಿ ಏನೂ ಅರಿಯದ ಗಿರಾಕಿಯ ತಲೆಗೆ ಕಟ್ಟುತ್ತಿದ್ದೇನೆ ಎಂಬುದೇ ನನಗೆ ಹೊಳೆಯಲಿಲ್ಲ. ಹಿಟ್ಟಿನ ಕೋಳಿ ಮಾಡಿಸಿದ ಆ ರಾಜಮಾತೆಗೂ ಹೀಗೆಯೇ ನಿರಾಳ ಆಗಿದ್ದಿರಬೇಕು. ಅತ್ತೆಗೆ ಹೇಳಿದೆವು. ಅವರು ಮಗನ ಮುಖ ನೋಡಿ, “ಕಣ್ಣು ಅವರು ಹಚ್ತಾರ, ಖರೇ. ಮಾರಿ ಮಾಡಿದಾಕಿ ಇಕಿನ ಅಲ್ಲ?” ಎಂದರು. ಶರತ್ತು ಅಲ್ಲೇ ಉಳಿಯಿತು. ಆದರೂ ಕಣ್ಣಿನ ಡಬ್ಬಿಯ ಉಪಾಯವನ್ನು ನಾವು ಬಿಡಲಿಲ್ಲ. ಕೈಲಾಗದವರು ಉಪಾಯವನ್ನು ಸುಲಭವಾಗಿ ಬಿಡುವುದಿಲ್ಲ.

ಹುಟ್ಟುಹಬ್ಬದ ದಿನ ಮಧ್ಯಾಹ್ನವೇ ಹೊರಟೆವು. ನಮ್ಮ ಮನೆಯವರು ಕಾರು ಓಡಿಸಿದರು; ಕುರುಡು ಮರಿ ನನ್ನ ತೊಡೆಯ ಮೇಲೆ, ಅದರ ಕಣ್ಣು ನನ್ನ ಪರ್ಸಿನಲ್ಲಿ. ಎರಡು ಬಿಳಿ ಸಕ್ಕರೆಯ ಗುಂಡು, ಅವುಗಳ ಮೇಲೆ ಒಂದೊಂದು ಚಾಕೊಲೇಟಿನ ಚುಕ್ಕೆ. ಖಾನಾಪುರದವರೆಗೆ ರಸ್ತೆ ಬಗ್ಗೆ ಹೇಳುವಂಥದ್ದೇನಿಲ್ಲ. ಅಲ್ಲಿಂದ ಬೀಡಿಯವರೆಗೆ ಪ್ರತಿಯೊಂದು ಉಬ್ಬಿಗೂ ನಾನು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದೆ. ಎದುರಿಗೆ ಬಂದ ಎತ್ತಿನ ಗಾಡಿಯವನು ಪೂಜೆಯ ಸಾಮಾನು ಎಂದುಕೊಂಡು ಕೈ ಮುಗಿದ. ದಾರಿಯುದ್ದಕ್ಕೂ ನಾನು ಎರಡು ಪ್ರಾರ್ಥನೆ ಮಾಡುತ್ತಿದ್ದೆ. ಕೇಕು ಮಾರುವವಳಾಗಿ, ಇವರು ಇದನ್ನು ಚಂದಗೆ ಕತ್ತರಿಸಿ, ಚಂದದ ಫೋಟೋ ಹಾಕಿ, ನಾಲ್ಕು ಜನಕ್ಕೆ ನನ್ನ ನಂಬರು ಕೊಡಲಿ ಎಂದು. ಸೊಸೆಯಾಗಿ, ಇವರ ಮನೆಯ ಚಾಕು ಕಳೆದುಹೋಗಲಿ ಎಂದು. ಎರಡೂ ಒಂದೇ ದೇವರಿಗೆ.

ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಹಿತ್ತಿಲಲ್ಲಿ ದೊಡ್ಡ ಪಾತ್ರೆಯಲ್ಲಿ ಏನೋ ಬೇಯುತ್ತಿತ್ತು. ಏನೆಂದು ವಾಸನೆಯೇ ಹೇಳಿತು. ನಾನು ಸೆರಗನ್ನು ಮೂಗಿನ ಹತ್ತಿರ ತಂದೆ. ಹಿಂದೆ ಕುರಿಯೇ ಬೇಯುತ್ತಿರುವಾಗ ಮುಂದೆ ಕೇಕಿನ ಕುರಿಯ ಚಿಂತೆ ಮಾಡುತ್ತಿದ್ದೇನಲ್ಲ ಎಂದು ಒಳಗೊಳಗೇ ನಗುವೂ ಬಂತು. ಎಷ್ಟಾದರೂ ನಾವು ಸೋಸಿದ ನೀರು ಕುಡಿಯುವವರು ಎಂಬ ಹೆಮ್ಮೆಯೂ ಬಂತು. ಆ ಹೆಮ್ಮೆ ಬಹಳ ಹೊತ್ತು ಬಾಳಲಿಲ್ಲ. ಮೂಗಿನ ಹತ್ತಿರ ತಂದದ್ದು ರೇಷ್ಮೆ ಸೆರಗು. ನಮ್ಮ ಅಂಗಡಿಯದ್ದೇ. ರೇಷ್ಮೆ ಎಲ್ಲಿಂದ ಬರುತ್ತದೆ, ಆ ಹುಳುಗಳನ್ನು ಏನು ಮಾಡುತ್ತಾರೆ ಎಂದು ನಾವು ಅಂಗಡಿಯಲ್ಲಿ ಯಾವತ್ತೂ ಮಾತಾಡುವುದಿಲ್ಲ. ಅತ್ತೆ ಮಾತ್ರ ಮೊದಲಿನಿಂದ ಹತ್ತಿಯ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಸೆರಗನ್ನು ಮೆಲ್ಲಗೆ ಕೆಳಗೆ ಬಿಟ್ಟೆ.

“ಬರ್ರಿ ವೈನಿ, ಕುಂದರ್ರಿ,” ಎಂದು ರೇಣುಕಾ ಕುರ್ಚಿ ತಂದಳು. ನಮಗೆಂದು ಬೇರೆ ಒಲೆ ಹೂಡಿ, ಅವಲಕ್ಕಿ ಮಾಡಿ, “ಹೊತ್ತ ಮುಳುಗೂದ್ರೊಳಗ ತಿಂದಬಿಡ್ರಿ, ನಿಮ್ಮದು ನಮಗ ಗೊತ್ತೈತಿ,” ಎಂದಳು. ನಾವು ತಿನ್ನದ ಈರುಳ್ಳಿ ಹಾಕಿರಲಿಲ್ಲ. ನಾನು ತಲೆ ಎತ್ತದೆ ತಿಂದೆ.

ಪೆಟ್ಟಿಗೆ ತೆರೆದಾಗ ಎಲ್ಲರೂ ಸುತ್ತ ಬಂದರು. ಯಲ್ಲಪ್ಪಜ್ಜ ಕೋಲು ಊರಿಕೊಂಡು ಬಾಗಿ ನೋಡಿದರು. ಹಣೆಯ ಬೊಟ್ಟು ನೋಡಿದರು, ಕಿವಿ ನೋಡಿದರು. ಆಮೇಲೆ ನನ್ನ ಮುಖ ನೋಡಿ, “ತಂಗೀ, ಎಲ್ಲಾ ಬರೊಬ್ಬರಿ ಐತಿ. ಕಣ್ಣ ಎಲ್ಲಿ?” ಎಂದರು. ನಾನು ಪರ್ಸಿನಿಂದ ಸ್ಟೀಲ್ ಡಬ್ಬಿ ತೆಗೆದು ಕೊಟ್ಟೆ. ಯಾಕೆ ಬೇರೆ ತಂದಿರಿ ಎಂದು ಅವರು ಕೇಳಲಿಲ್ಲ. ದಾರಿಯಲ್ಲಿ ಬಿದ್ದು ಹೋಗಬಾರದೆಂದು ಇರಬೇಕು ಎಂದುಕೊಂಡರು. ಎಷ್ಟೋ ಮರಿಗಳ ಮುಖ ಒರೆಸಿದ ಹೆಬ್ಬೆರಳಿನಿಂದ ಒಂದೊಂದೇ ಕಣ್ಣನ್ನು ಅದರದರ ಜಾಗದಲ್ಲಿ ಒತ್ತಿದರು. ನಾನು ಎಷ್ಟು ಅಳತೆ ಮಾಡಿದ್ದರೂ ಅಷ್ಟು ಸರಿಯಾಗಿ ಇಡುತ್ತಿರಲಿಲ್ಲ. ಅದು ನಮ್ಮನ್ನು ನೋಡತೊಡಗಿತು.

“ಚುಕ್ಕಿ,” ಎಂದಿತು ಮಗು.

ಅಲ್ಲಿಗೆ ಮುಗಿಯಿತು. ರೇಣುಕಾ ಮಗುವಿನ ಕೈಯಲ್ಲಿ ಚಾಕು ಕೊಟ್ಟು, ತಾನೂ ಹಿಡಿದು, ಎಲ್ಲರೂ ಚಪ್ಪಾಳೆಗೆ ಕೈ ಎತ್ತಿದಾಗ ಮಗು ಕೈ ಹಿಂದಕ್ಕೆ ಎಳೆದುಕೊಂಡಿತು. “ಬ್ಯಾಡ. ಚುಕ್ಕಿಗೆ ನೋವಾಗತೈತಿ.” ಮೊದಲು ನಕ್ಕರು. ಆಮೇಲೆ ಪುಸಲಾಯಿಸಿದರು. ಹುಲ್ಲಿನ ಕಡೆಯಿಂದ ಕತ್ತರಿಸಿ ಎಂದು ನಾನು ಸೂಚಿಸಿದೆ. ಕಾಲಿನ ಹತ್ತಿರ ಚಾಕು ಬಂದದ್ದೇ ಮಗು ಜೋರಾಗಿ ಅತ್ತಿತು. ಮಗುವಿನ ಅಪ್ಪ ಬೇಸತ್ತು, “ಏ ಇದು ಕೇಕ ಐತೆವ್ವಾ, ಕೊಡಿಲ್ಲೆ, ನಾ ಕೊಯ್ತೇನಿ,” ಎಂದು ಚಾಕು ತೆಗೆದುಕೊಂಡ. ನಾನು ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣೊಳಗೆ ನಮ್ಮ ಕಿಟಕಿಯ ಬದಿಯ ಖಾಲಿ ಕಟ್ಟೆ ಕಂಡಿತು.

“ತಡೀಲೆ,” ಎಂದರು ಯಲ್ಲಪ್ಪಜ್ಜ. “ಹೆಸರಿಟ್ಟ ಮರೀನ ನಮ್ಮ ಮನ್ಯಾಗ ಯಾವತ್ತರ ಕೊಯ್ದೇವೇನು?”

“ಅಪ್ಪಾ, ಇದು ಚಾಕೊಲೇಟ್.”

“ಇರಲಿ. ಹಿಂದ ಬೇಯಾಕ ಹತ್ತೈತಲ್ಲ, ಅದಕ್ಕ ಹೆಸರಿಲ್ಲ. ಇದಕ್ಕ ಐತಿ.”

ನನಗೆ ಕಣ್ಣು ತೆರೆದು ಆ ಮುದುಕನನ್ನು ನೋಡುವುದೇ ಕೆಲಸವಾಯಿತು. ಶಹಾಪುರದಲ್ಲಿ ಮಣಿ ಎಣಿಸುತ್ತ ಕೂತ ಒಂದು ಜೀವ, ಬೀಡಿಯಲ್ಲಿ ಕುರಿ ಕಾಯುವ ಇನ್ನೊಂದು ಜೀವ. ಒಬ್ಬರ ಅಡಿಗೆಮನೆಗೆ ಇನ್ನೊಬ್ಬರು ಕಾಲಿಡಲಾರರು. ಇಬ್ಬರೂ ಒಂದೇ ಮಾತು ಹೇಳಿದ್ದರು. ಇಬ್ಬರ ನಡುವೆ ಜಾಣತನ ಮಾಡಿ ಡಬ್ಬಿಯಲ್ಲಿ ಕಣ್ಣು ಹೊತ್ತು ತಂದವಳು ನಾನೊಬ್ಬಳೇ.

ಆದರೆ ಹುಟ್ಟುಹಬ್ಬ ಎಂದ ಮೇಲೆ ಜನ ಕೇಕು ತಿನ್ನದೆ ಹೋಗುತ್ತಾರೆಯೆ? ಬಿಸಿಲು ಇಳಿಯುತ್ತಿತ್ತು, ಕ್ರೀಮು ಮೆತ್ತಗಾಗುತ್ತಿತ್ತು, ಮಗು ಬಿಕ್ಕುತ್ತಿತ್ತು. ಅದನ್ನು ಸಮಾಧಾನ ಮಾಡಲು ಅಜ್ಜ ಖರೇ ಚುಕ್ಕಿಯನ್ನು ಕೊರಳ ಹಗ್ಗ ಹಿಡಿದು ತಂದರು. ಫೋಟೋ ತೆಗೆಯಲು ಕರೆಸಿದ್ದವನಿಗೆ ಹುರುಪು ಬಂತು. ಎರಡೂ ಚುಕ್ಕಿಯರನ್ನು ಒಂದೇ ಫೋಟೋದಲ್ಲಿ ಹಿಡಿಯಬೇಕೆಂದು ಮರಿಯನ್ನು ಮೇಜಿನ ಹತ್ತಿರ ನಿಲ್ಲಿಸಿದ. ಎಲ್ಲರೂ ಅವನ ಕಡೆ ಮುಖ ಮಾಡಿ ನಿಂತರು. ನಾನೂ ನಿಂತೆ. ಆಮೇಲೆ ಫೋಟೋಗಳಲ್ಲಿ ಕಂಡಂತೆ, ನಮ್ಮ ಬೆನ್ನ ಹಿಂದೆ ಚುಕ್ಕಿ ಮೊದಲು ಹುಲ್ಲುಗಾವಲನ್ನು ಮೂಸಿತು. ಹುಲ್ಲು ಸಿಹಿ ಇದ್ದದ್ದು ಅದರ ಅನುಭವದಲ್ಲಿ ಮೊದಲ ಸಲವಿರಬೇಕು. ಒಂದು ಬಾಯಿ ಹುಲ್ಲು ತಿಂದು, ಕತ್ತು ಎತ್ತಿ, ತನ್ನದೇ ಜೋತುಬಿದ್ದ ಕಿವಿಯನ್ನು ಕಿತ್ತು ತಿಂದಿತು. ಆಮೇಲೆ ಹಣೆಯ ಬೊಟ್ಟು. ಆಮೇಲೆ ಒಂದು ಕಣ್ಣು. ಫೋಟೋದವನು ಕ್ಯಾಮೆರಾ ಇಳಿಸಿ ಬಾಯಿ ಬಿಟ್ಟಾಗಲೇ ನಾವು ತಿರುಗಿದ್ದು. “ಸಾಕ, ಸಾಕ, ಹೊಟ್ಟಿ ಉಬ್ಬೀತು,” ಎಂದು ಅಜ್ಜ ಹಗ್ಗ ಎಳೆದರು. ಮರಿಯ ಮೂತಿಗೆ ಹಸಿರು ಕ್ರೀಮು ಮೆತ್ತಿಕೊಂಡಿತ್ತು.

ಒಂದು ಕ್ಷಣ ಎಲ್ಲರೂ ಮಗುವಿನ ಮುಖ ನೋಡಿದರು. ಮಗು ಮೇಜಿನ ಮೇಲಿದ್ದದ್ದನ್ನು ನೋಡಿತು. ಅಲ್ಲಿ ಮುಖ ಇರಲಿಲ್ಲ. ಕರಿಯ ಕೇಕಿನ ಒಂದು ಗುಪ್ಪೆ ಇತ್ತು. ಮಗು ತನ್ನ ಪುಟ್ಟ ಕೈಯನ್ನು ಗುಪ್ಪೆಯೊಳಗೆ ಹಾಕಿ, ಒಂದು ಮುಷ್ಟಿ ತೆಗೆದು, ಬಾಯಿಗೆ ಇಟ್ಟುಕೊಂಡಿತು. ಮರಿ ಮುಟ್ಟದ ಕಡೆಯಿಂದ ರೇಣುಕಾ ಕೈಯಲ್ಲೇ ಮುರಿದು ಮುರಿದು ಹಂಚಿದಳು. ಚಾಕು ಮೇಜಿನ ಕೊನೆಯಲ್ಲಿ ರಿಬ್ಬನ್ನು ಕಟ್ಟಿಸಿಕೊಂಡು ಹಾಗೆಯೇ ಬಿದ್ದಿತ್ತು. ಹೊರಡುವ ಮೊದಲೇ ನಾಲ್ಕು ಜನ ನನ್ನ ನಂಬರು ಬರೆದುಕೊಂಡರು. ನನ್ನ ಎರಡೂ ಪ್ರಾರ್ಥನೆ ಒಟ್ಟಿಗೆ ಫಲಿಸಿದ್ದು ಜೀವನದಲ್ಲಿ ಅದೊಂದೇ ಸಲ.

ಮರಳಿ ಬರುವಾಗ ನಮ್ಮ ಮನೆಯವರು, “ಅವ್ವಗ ಬರೇ ಕೊಯ್ಯಲಿಲ್ಲ ಅಂತ ಹೇಳು. ಕುರಿ ತಿಂದದ್ದೆಲ್ಲಾ ಯಾಕ?” ಎಂದರು. ಒಂದು ಡಬ್ಬಿಯ ಉಪಾಯ ಸಾಕಾಗಿತ್ತು. ನಾನು ಪೂರ್ತಿ ಹೇಳುವುದೆಂದೇ ನಿರ್ಧರಿಸಿದ್ದೆ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು ದಾಟಿತ್ತು. ಅತ್ತೆ ಪಡಸಾಲೆಯಲ್ಲೇ ಕೂತಿದ್ದರು. ಅಡಿಗೆಮನೆಯಲ್ಲಿ ನಾನು ಮುಚ್ಚಿಟ್ಟು ಹೋದ ಅವರ ತಾಟು ಹಾಗೆಯೇ ಇತ್ತು. ಅನ್ನದ ಅಗುಳು ಅಲುಗಿರಲಿಲ್ಲ. ಸೂರ್ಯ ಮುಳುಗಿತ್ತು, ಇನ್ನು ಬೆಳಗಿನವರೆಗೆ ನೀರೂ ಇಲ್ಲ.

“ಅತ್ತಿ, ಉಂಡಿಲ್ಲೇನ್ರಿ?”

“ನಿನ್ನ ತಲಿ ಮ್ಯಾಲೆ ಏನ ಹೊತಗೊಂಡ ಬರ್ತಿಯೋ ಅಂತ ತುತ್ತ ಇಳೀಲಿಲ್ಲ,” ಎಂದರು.

ಅಡಿಗೆಮನೆ ಮೈಲಿಗೆಯಾಗಬಾರದೆಂದು ಅವರು ಶರತ್ತು ಹಾಕಿದ್ದರು ಎಂದು ನಾನು ತಿಳಿದಿದ್ದೆ. ಅವರು ನಾಲ್ಕು ದಿನದಿಂದ ಹೆದರಿದ್ದು ನನ್ನ ಮುಂದಿನ ಜನ್ಮಗಳಿಗೆ. ನಾನು ನವಿಲೋ ನಾಯಿಯೋ ಮೀನೋ ಆಗಿ ಅಲೆಯುವುದನ್ನು ನೆನೆದು ಅವರು ತಾಟು ಮುಟ್ಟಿರಲಿಲ್ಲ. ನನಗೆ ಅಳು ಬಂತು. ಅಳುತ್ತಲೇ ಎಲ್ಲ ಹೇಳಿದೆ: ಡಬ್ಬಿಯ ಕಣ್ಣು, ಅಜ್ಜನ ಹೆಬ್ಬೆರಳು, ಹೆಸರಿಟ್ಟ ಮರಿ, ಕಿವಿ ತಿಂದ ಚುಕ್ಕಿ. ಕಿವಿಯ ಹತ್ತಿರ ಬಂದಾಗ ಅತ್ತೆಯ ಮೈ ಅಲುಗತೊಡಗಿತು. ಅವರು ನಗುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

“ಅದು ಶಾಣ್ಯಾ ಐತಿ ನೋಡು,” ಎಂದರು ಕಣ್ಣೊರೆಸಿಕೊಳ್ಳುತ್ತ. “ನಾವೆಲ್ಲಾ ಮಾರಿ ನೋಡಿದ್ವಿ. ಅದು ಹಿಟ್ಟು ನೋಡ್ತು.”

ಭಟ್ಟಿಯ ಮಾತು ಮತ್ತೆ ಬರಲಿಲ್ಲ. ಮರುದಿನ ಬೆಳಗ್ಗೆ ಪಾರಣೆ ಮುಗಿಸಿದ ಮೇಲೆ ಅತ್ತೆ ತಾವೇ ಗೋದಿ ಹಸನು ಮಾಡಿ ಚೀಲಕ್ಕೆ ಹಾಕಿ, “ಗಿರಣಿಗೆ ಹೋಗಿ ಬೀಸಿಸಿಕೊಂಡು ಬಾ. ಎದುರಿಗೆ ನಿಂತು ಬೀಸಿಸು,” ಎಂದರು. ಹಾಗೆಯೇ ಬೀಸಿಸಿ ತಂದೆ. “ಈಗ ಮಾಡು. ದುಂಡಂದು. ಮಾರಿ ಬ್ಯಾಡ, ಹೆಸರು ಬ್ಯಾಡ, ಆ ಊದೂ ಬತ್ತಿ ಮೊದಲ ಬ್ಯಾಡ.” ಗೋದಿ ಹಿಟ್ಟು, ಬೆಲ್ಲ, ತುಪ್ಪ, ಹಾಲು, ಅಂದಿನದೇ ಮೊಸರು ಹಾಕಿ ಮಾಡಿದೆ. ನಾಲ್ಕು ವರ್ಷದಲ್ಲಿ ಎಷ್ಟೋ ಮದುವೆ, ಹೆಸರಿಡುವ ಬಾರಸೆಗಳ ಕೇಕು ಮಾಡಿದ ನಾನು ಆವತ್ತು ಭಟ್ಟಿಯ ಬಾಗಿಲನ್ನು ಮೂರು ಸಲ ತೆರೆದು ನೋಡಿದೆ. ಒಂದು ಬದಿ ಸ್ವಲ್ಪ ತಗ್ಗೇ ಆಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ಕೂತು ಅತ್ತೆ ಅದನ್ನು ರೊಟ್ಟಿ ಮುರಿದಂತೆ ಮುರಿದು, ಒಂದು ಚೂರು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಜಗಿದರು. ನಾನು ಎದುರಿಗೆ ನಿಂತಿದ್ದೆ.

“ಇದಕ್ಕ ಇಷ್ಟು ಗದ್ದಲೇನು?” ಎಂದರು.

ಗಿರಾಕಿಗಳ ಎಷ್ಟೋ ಮಾತು ಕೇಳಿದ್ದೇನೆ, ಇಷ್ಟು ಚಿಕ್ಕದಾಗಿ ಯಾರೂ ನನ್ನ ಕಸುಬಿನ ಬೆಲೆ ಕಟ್ಟಿರಲಿಲ್ಲ. ಇರಲಿ, ಬಾಯಿಗಂತೂ ಹೋಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಉಳಿದದ್ದನ್ನು ನಾನೂ ಮನೆಯವರೂ ತಿಂದೆವು. ನಿನ್ನೆಯದನ್ನು ಇವತ್ತು ಅತ್ತೆ ಮುಟ್ಟುವವರಲ್ಲ.

ಎರಡು ದಿನ ಕಳೆಯಿತು. ಮಧ್ಯಾಹ್ನ ನಾನು ಯಾರದೋ ಆರ್ಡರಿನ ಕ್ರೀಮು ಕಡೆಯುತ್ತಿದ್ದೆ. ಅತ್ತೆ ಜಪ ಮುಗಿಸಿ ಬಂದು, ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ, ಕಿಟಕಿಯ ಹೊರಗೆ ನೋಡುತ್ತ ಗೋಡೆಗೆ ಹೇಳಿದಂತೆ ಹೇಳಿದರು:

“ಚಳಿಗಾಲ. ಆ ಹಿಟ್ಟಿಗೆ ಇನ್ನ ಐದು ದಿನ ಐತಿ. ಸುಮ್ಮನ ಯಾಕ ಹಾಳ ಮಾಡೂದು?”

ನಾನು ಕೇಳಿಯೂ ಕೇಳದವಳಂತೆ, ಗಿರಾಕಿಯ ಕ್ರೀಮನ್ನು ಬದಿಗಿಟ್ಟು ಭಟ್ಟಿ ಹಚ್ಚಿದೆ.